ಬೈಲುಮನೆಯ ಗೋಲು

ಪೊನ್ನಪ್ಪನ ಬಳಿ ಆ ಗೋಲಿಗೆ ಸಾಕ್ಷಿ ಇರಲಿಲ್ಲ. ಅಂಪೈರು ಕಣ್ಣಿಗೆ ಬಿಸಿಲು ಹೊಡೆಯುವ ಕಡೆ ನಿಂತಿದ್ದ. ಜೊತೆಯಲ್ಲಿ ಆಡಿದವರೆಲ್ಲ ಅವನದೇ ಮನೆತನದ ಬೈಲುಮನೆಯವರು ಆದ್ದರಿಂದ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಪೊನ್ನಪ್ಪ ತನ್ನ ಗೋಲಿಗೆ ತಾನೇ ಸಾಕ್ಷಿಯಾಗಿ, ತಾನೇ ವಕೀಲನಾಗಿ ಇಪ್ಪತ್ತಾರು ವರ್ಷ ವಾದ ಮಾಡಿದ. ನಾಪೋಕ್ಲು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಸಕ್ಕರೆ ಡಬ್ಬಿಗಳನ್ನು ಗೋಲುಕಂಬ ಮಾಡಿ, ಕರಿಮೆಣಸಿನ ಕಾಳೊಂದನ್ನು ಚೆಂಡು ಮಾಡಿ, ಅದು ಗೆರೆಯಿಂದ ಎಷ್ಟು ಒಳಗೆ ಹೋಗಿತ್ತೆಂದು ತೋರಿಸುತ್ತಿದ್ದ. ವರ್ಷ ಕಳೆದ ಹಾಗೆ ಕಾಳು ಇನ್ನಷ್ಟು ಒಳಗೆ ಹೋಗುತ್ತಿತ್ತು ಎಂದು ಹೋಟೆಲಿನವರು ನಗುತ್ತಿದ್ದರು.

ನಡೆದದ್ದು ಇಷ್ಟು. ೧೯೯೯ರ ಬೇಸಿಗೆಯಲ್ಲಿ ಕೊಡಗಿನ ಒಂದಷ್ಟು ಗೌಡ ಮನೆತನಗಳು ಸೇರಿ ನಾಪೋಕ್ಲು ಮೈದಾನದಲ್ಲಿ ಒಂದು ಹಾಕಿ ಕಪ್ ಇಟ್ಟವು. ಯಾರು ಯಾವ ಮನೆತನದಲ್ಲಿ ಹುಟ್ಟಿದ್ದಾರೋ ಆ ಮನೆತನಕ್ಕೇ ಆಡಬೇಕು ಎಂಬುದು ನಿಯಮ. ಆ ನಿಯಮದ ಮೇಲೆ ಬಾವ ಬಾವನ ಎದುರು ನಿಲ್ಲಲೇಬೇಕು, ಮಾವ ಅಳಿಯನ ಕಾಲಿಗೆ ಸ್ಟಿಕ್ ಹಾಕಲೇಬೇಕು. ಫೈನಲ್ ಬಂದದ್ದು ಬೈಲುಮನೆಗೂ ಚೆಟ್ಟಳ್ಳಿ ಕಡೆಯ ಮೇಲುಕೊಲ್ಲಿಗೂ. ಪೊನ್ನಪ್ಪ ಬೈಲುಮನೆಯ ಫಾರ್ವರ್ಡ್. ಹಿಂದಿನ ವರ್ಷವಷ್ಟೇ ಅವನ ತಂಗಿ ಯಮುನಳನ್ನು ಮದುವೆಯಾಗಿದ್ದ ಕುಶಾಲಪ್ಪ ಮೇಲುಕೊಲ್ಲಿಯ ಬ್ಯಾಕ್. ಆಟ ಒಂದು-ಒಂದು. ಮುಗಿಯಲು ಸ್ವಲ್ಪ ಹೊತ್ತಿರುವಾಗ ಪೊನ್ನಪ್ಪ ಗೋಲಿನ ಮುಂದಿನ ಡಿ ವೃತ್ತದ ಒಳಗಿಂದ ಹೊಡೆದ. ಗೋಲ್‌ಕೀಪರ್ ಬಿದ್ದಿದ್ದ, ಗೋಲು ಖಾಲಿ. ಎಲ್ಲಿಂದಲೋ ಬಂದ ಕುಶಾಲಪ್ಪ ಅಡ್ಡಬಿದ್ದು ಚೆಂಡನ್ನು ಹೊರಗೆಳೆದ. ಗೆರೆ ದಾಟಿದ ಮೇಲೆ ಎಳೆದ ಎಂದು ಪೊನ್ನಪ್ಪ. ಅಂಪೈರು ಕೈ ಎತ್ತಲಿಲ್ಲ. ಆಮೇಲೆ ಟೈಬ್ರೇಕರಿನಲ್ಲಿ ಬೈಲುಮನೆ ಸೋತಿತು.

ಸೋಲು ದೊಡ್ಡ ಮಾತಲ್ಲ. ಮೈದಾನದ ಪಕ್ಕದಲ್ಲಿ ಹಂದಿಸಾರು ಊಟಕ್ಕೆ ಕುಳಿತಾಗ ಪೊನ್ನಪ್ಪ ಎಲ್ಲರ ಎದುರು ಕೇಳಿದ್ದು ದೊಡ್ಡ ಮಾತಾಯಿತು.

"ಬಾವ, ಬಾಲ್ ಗೆರೆ ದಾಟಿತ್ಲೆ ಹೇಳಿ ಇಗ್ಗುತ್ತಪ್ಪನ ಮೇಲೆ ಆಣೆ ಹಾಕ್."

ಕುಶಾಲಪ್ಪ ಎಲೆಯಿಂದ ತಲೆ ಎತ್ತದೆ ಹೇಳಿದ: "ಆಣೆ ನಾ ಹಾಕುದಿಲ್ಲೆ."

ಕೊಡಗಿನ ದೊಡ್ಡ ದೇವರು ಇಗ್ಗುತ್ತಪ್ಪನ ಹೆಸರಿನಲ್ಲಿ ಆಣೆ ಹಾಕದವನು ಕಳ್ಳ. ಪೊನ್ನಪ್ಪನ ಪ್ರಕಾರ ತೀರ್ಪು ಅಲ್ಲಿಗೇ ಆಯಿತು. ಎಲೆ ಮಡಚಿ ಎದ್ದ. "ನಿನ್ನ ಹೊಸ್ತಿಲು ನಾ ಮೆಟ್ಟುದಿಲ್ಲೆ" ಎಂದ. ಮೆಟ್ಟಲಿಲ್ಲ. ಯಮುನ ತವರಿಗೆ ಬರುತ್ತಿದ್ದಳು, ಮಕ್ಕಳನ್ನು ಕರೆತರುತ್ತಿದ್ದಳು, ಗಂಡ ಜೀಪಿನಲ್ಲಿ ಗೇಟಿನವರೆಗೆ ಬಿಟ್ಟು ತಿರುಗಿಸಿಕೊಂಡು ಹೋಗುತ್ತಿದ್ದ. ಆ ಕಪ್ ಕೂಡ ಅದೇ ವರ್ಷಕ್ಕೆ ನಿಂತಿತು.

ಈಗ ಯಮುನಳ ಮಗಳು ಸಿಂಚನಾಳ ಮದುವೆ ಗೊತ್ತಾಗಿತ್ತು. ಸೋದರಮಾವ ಕೈಹಿಡಿದು ಮಂಟಪಕ್ಕೆ ಕರೆದುಕೊಂಡು ಹೋಗದೆ ಹುಡುಗಿ ಧಾರೆಗೆ ಕೂರುವಂತಿಲ್ಲ. ಹುಡುಗಿಯನ್ನು ಹೊರಡಿಸುವುದು ಹುಡುಗಿಯ ಮನೆಯಿಂದ. ಆ ಮನೆಯ ಹೊಸ್ತಿಲು ಪೊನ್ನಪ್ಪ ಮೆಟ್ಟದ ಹೊಸ್ತಿಲು. ಯಮುನ ಫೋನಿನಲ್ಲಿ ಅತ್ತಳು. ಪೊನ್ನಪ್ಪನ ಹೆಂಡತಿ ಸುಮಿತಾ ಬೈದಳು. "ಮದುವೆ ಮಂಟಪಕ್ಕೆ ಬನ್ನಿ ಸಾಕು, ಮನೆಗೆ ಬೇಡ" ಎಂದು ಯಾರೋ ರಾಜಿ ಸೂತ್ರ ತಂದರು. ಪೊನ್ನಪ್ಪ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: "ಅಂವ ತಪ್ಪು ಒಪ್ಪಲಿ. ಇಲ್ಲದಿದ್ದರೆ ನಂದು ತಪ್ಪು ಹೇಳಿ ತೋರ್ಸಲಿ."

ಈ ಮಾತಿನ ಎರಡನೇ ಅರ್ಧವನ್ನು ಸಿಂಚನಾ ಹಿಡಿದುಕೊಂಡಳು. ಅವಳು ಮಡಿಕೇರಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಅಳುವ ಜಾತಿಯವಳಲ್ಲ. ಆ ಫೈನಲ್ಲನ್ನು ವಿಡಿಯೊ ಮಾಡಿದ್ದವನು ನಾಪೋಕ್ಲಿನ ಸ್ಟುಡಿಯೊ ಗುಂಡ ಎಂಬುದು ಎಲ್ಲರಿಗೂ ಗೊತ್ತಿತ್ತು. ಉಳಿದ ಊರಿನ ಕ್ಯಾಮೆರಾದವರು ಮಧ್ಯಗೆರೆಯ ಹತ್ತಿರ ನಿಲ್ಲುತ್ತಾರೆ. ಗುಂಡ ನೆರಳು ಹುಡುಕಿಕೊಂಡು ಗೋಲಿನ ಪಕ್ಕದ ಮರದ ಕೆಳಗೆ, ಜೀಪಿನ ಬಾನೆಟ್ಟಿನ ಮೇಲೆ ಕುಳಿತಿದ್ದ. ಅಂದರೆ ಗೋಲಿನ ಗೆರೆ ಅವನ ಕ್ಯಾಮೆರಾಕ್ಕೆ ಸರಿಯಾಗಿ ನೇರ. ಆ ಕ್ಯಾಸೆಟ್ಟನ್ನು ಆಗಲೇ ಒಮ್ಮೆ ಟಿವಿಗೆ ಹಾಕಿ ನೋಡಿದ್ದೂ ಆಗಿತ್ತು. ವಿಸಿಆರಿನಲ್ಲಿ ನಿಲ್ಲಿಸುವ ಪಾಜ್ ಗುಂಡಿ ಒತ್ತಿದರೆ ಚಿತ್ರ ನಡುಗುತ್ತಿತ್ತು, ಅಡ್ಡಕ್ಕೊಂದು ಬಿಳಿ ಪಟ್ಟಿ ಬರುತ್ತಿತ್ತು, ಆ ಪಟ್ಟಿ ಕೂರುತ್ತಿದ್ದದ್ದು ಚೆಂಡಿನ ಮೇಲೆಯೇ. ಬೈಲುಮನೆಯವರಿಗೆ ಗೋಲು ಕಂಡಿತು, ಮೇಲುಕೊಲ್ಲಿಯವರಿಗೆ ಕಾಣಲಿಲ್ಲ. ಅಲ್ಲಿಗೆ ಕ್ಯಾಸೆಟ್ಟು ಗುಂಡನ ಅಟ್ಟ ಸೇರಿತು.

ಸಿಂಚನಾ ಫೋನಿನಲ್ಲಿ ಹೇಳಿದಳು: "ಮಾವ, ಕ್ಯಾಸೆಟ್ ಸಿಕ್ಕಿಟ್ಟು. ನಾ ಅದ್ನ ಕಂಪ್ಯೂಟರಿಗೆ ಇಳ್ಸಿ ತರ್ತೇನೆ."

"ತರುದು ಬೇಡ. ಈಗ ಕಂಪ್ಯೂಟರ್‌ಲಿ ಜನ ಸತ್ತವರ್ನೂ ಕುಣ್ಸುವೆ. ನಿನ್ನ ಅಪ್ಪಂಗೆ ಬೇಕಾದ ಹಂಗೆ ಬಾಲ್ನ ಇತ್ಲಾಗಿ ಎಳ್ದು ತಂದರೆ ನಂಗೆ ಹೆಂಗೆ ಗೊತ್ತಾದು?"

"ಹಂಗಾರೆ ನಿಮ್ಮ ಮನೇಲೇ, ನಿಮ್ಮ ಕಂಪ್ಯೂಟರ್‌ಲೇ, ನಿಮ್ಮ ಕಣ್ಣೆದುರೇ ಇಳ್ಸುವ. ಆಗದಾ?"

"ಹಂಗಾರೆ ಭಾನುವಾರ ಬಾ" ಎಂದ ಪೊನ್ನಪ್ಪ.

ಭಾನುವಾರ ಬೆಳಿಗ್ಗೆ ಸಿಂಚನಾ ಸ್ಕೂಟರಿನಲ್ಲಿ ಬಂದಳು. ಹಿಂದೆ ಆಟೊದಲ್ಲಿ ಗುಂಡ, ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ವಿಸಿಆರ್ ಇಟ್ಟುಕೊಂಡು, ಹೆರಿಗೆ ಆಸ್ಪತ್ರೆಯಿಂದ ಬರುವವನ ಹಾಗೆ ಇಳಿದ. ಅರವತ್ತು ದಾಟಿದ, ಬೊಜ್ಜಿನ, ಬಾಯಿ ಸುಮ್ಮನಿರದ ಮನುಷ್ಯ.

"ಪೊನ್ನಪ್ಪಣ್ಣ, ಇವತ್ತು ನಿಮ್ಮ ಕೇಸ್ ಸುಪ್ರೀಂ ಕೋರ್ಟಿಗೆ ಬಂತು ನೋಡಿ" ಎಂದ.

"ನೀನು ಅವತ್ತು ನೆಟ್ಟಗೆ ಕ್ಯಾಮೆರಾ ಹಿಡಿದಿದ್ರೆ ಲೋಕಲ್ ಕೋರ್ಟಲ್ಲೇ ಮುಗೀತಿತ್ತು."

"ನೀವು ನೆಟ್ಟಗೆ ಹೊಡೆದಿದ್ರೆ ಕೋರ್ಟೇ ಬೇಡವಾಗಿತ್ತು."

ಸುಮಿತಾ ಒಳಗಿನಿಂದಲೇ ನಕ್ಕಳು.

ಕಂಪ್ಯೂಟರ್ ಇದ್ದದ್ದು ಹಜಾರದ ಮೂಲೆಯಲ್ಲಿ. ಲಾಕ್‌ಡೌನಿನಲ್ಲಿ ಮಗ ಮೋಕ್ಷಿತನ ಆನ್‌ಲೈನ್ ಕ್ಲಾಸಿಗೆ ತಂದದ್ದು. ಅವನು ಹಾಸ್ಟೆಲಿಗೆ ಹೋದ ಮೇಲೆ ಸುಮಿತಾ ಅದರಲ್ಲಿ ಸೀರಿಯಲ್ ನೋಡುತ್ತಿದ್ದಳು. ಸಿಂಚನಾ ಬ್ಯಾಗಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ ತೆಗೆದಳು. ಅದರ ಒಂದು ಬದಿಗೆ ವಿಸಿಆರಿನ ಹಳದಿ, ಬಿಳಿ, ಕೆಂಪು ವಯರುಗಳನ್ನು ಚುಚ್ಚಿ, ಇನ್ನೊಂದು ಬದಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಆಮೇಲೆ ಪೆನ್‌ಡ್ರೈವಿನಿಂದ ಒಂದು ಸಾಫ್ಟ್‌ವೇರ್ ಹಾಕಿದಳು. ಎರಡು ನಿಮಿಷದ ಕೆಲಸ. ಬೂದು ಬಣ್ಣದ ಒಂದು ಕಿಟಕಿ ತೆರೆಯಿತು. ನಡುವೆ ಕಪ್ಪು ಚೌಕ, ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕಾರು ಅಂಕಿ. ಬಣ್ಣ ಇಲ್ಲ, ಕುಣಿತ ಇಲ್ಲ, ಜಾಹೀರಾತು ಇಲ್ಲ.

"ಇಷ್ಟೇನಾ?" ಎಂದ ಪೊನ್ನಪ್ಪ.

"ಇಷ್ಟೇ. ಯಾರೋ ಒಬ್ಬ ಮನೇಲಿ ಕುಳಿತು ಬರ್ದದ್ದಂತೆ. ಪುಕ್ಕಟೆ ಉಟ್ಟು. ವಿಸಿಆರ್ ಕೊಟ್ಟದ್ನ ತಕಂಡು ಬರ್ದಿಡುದು, ನಾವು ಕೇಳ್ದಲ್ಲಿ ನಿಲ್ಸಿ ತೋರ್ಸುದು, ಇದಕ್ಕೆ ಬೇರೆ ಕೆಲ್ಸ ಗೊತ್ತಿಲ್ಲೆ. ಬಾಲ್ನ ಆಚೆ ಈಚೆ ಎಳಿಯಕ್ಕಂತೂ ಗೊತ್ತೇ ಇಲ್ಲೆ."

ಗುಂಡ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದ. ಕೊಡಗಿನ ಹವೆಗೆ ಅಟ್ಟದಲ್ಲಿದ್ದ ಟೇಪಿನ ಅಂಚಿಗೆ ಬೂಷ್ಟು ಹತ್ತಿತ್ತು. ಅವನು ಅದನ್ನು ಬಿಚ್ಚಿ, ಒರೆಸಿ, ಬೇರೆ ಕವಚಕ್ಕೆ ಹಾಕಿಕೊಂಡು ಬಂದಿದ್ದ. "ಒಂದು ಸಲ ಓಡ್ತದೆ. ಎರಡನೇ ಸಲ ದೇವರ ದಯೆ. ಮೂರನೇದು ಕೇಳ್ಬೇಡಿ."

ಟೇಪು ಸುತ್ತತೊಡಗಿತು. ಕಪ್ಪು ಚೌಕದಲ್ಲಿ ಮೊದಲು ಮಂಜು, ಆಮೇಲೆ ಮೈದಾನ. ಜನ ಮಾಸಿದ ನೀಲಿ, ಹುಲ್ಲು ಮಾಸಿದ ಹಸಿರು. ಸಿಂಚನಾ ಒಂದು ಗುಂಡಿ ಒತ್ತಿದಳು. ಕೆಳಗಿನ ಅಂಕಿಗಳು ಓಡತೊಡಗಿದವು. ಪೊನ್ನಪ್ಪ ಚಿತ್ರ ನೋಡದೆ ಅಂಕಿಗಳನ್ನೇ ನೋಡುತ್ತಿದ್ದ. ಸಾಕ್ಷಿಯನ್ನು ಪರೀಕ್ಷಿಸದೆ ಬಿಡುವ ವಕೀಲ ಅವನಲ್ಲ.

"ಆ ಕೊನೇದು ಎಂಥ? ಈಗ ಏಳಿತ್ತು, ಹದ್ನೈದಾತ್."

"ಕಳ್ದು ಹೋದ ಫ್ರೇಮು. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಬಂದದೆ ಮಾವ. ಕಂಪ್ಯೂಟರಿಗೆ ಪುರುಸೊತ್ತಿಲ್ಲದೆ ಯಾವುದಾರೂ ಬಿಟ್ಟರೆ, ಬಿಟ್ಟೆ ಹೇಳಿ ಅದೇ ಲೆಕ್ಕ ಕೊಟ್ಟದೆ."

"ಬಿಟ್ಟದ್ದನ್ನ ಅದೇ ಹೇಳ್ತದಾ?" ಪೊನ್ನಪ್ಪ ಸ್ವಲ್ಪ ಹಿಂದಕ್ಕೆ ಸರಿದು ಆ ಬೂದು ಕಿಟಕಿಯನ್ನು ಮೊದಲ ಸಲ ಸರಿಯಾಗಿ ನೋಡಿದ. ಲೆಕ್ಕ ಬರೆಯುವಾಗ ತಾನು ಬಿಟ್ಟದ್ದನ್ನು ತಾನೇ ಹೇಳುವ ರೈಟರು ಅವನಿಗೆ ತನ್ನ ಕಾಫಿತೋಟದಲ್ಲಿ ಒಬ್ಬನೂ ಸಿಕ್ಕಿರಲಿಲ್ಲ. ಅಂಕಿ ಈಗ ನೂರು ದಾಟಿತ್ತು. "ಹಂಗಾರೆ ನಿಲ್ಸು. ನನ್ನ ಗೋಲಿನ ಚಿತ್ರವೇ ಬಿಟ್ಟು ಹೋದರೆ?"

"ಅದೇ ನಾನೂ ಹೇಳ್ದು" ಎಂದು ಸಿಂಚನಾ ನಿಲ್ಲಿಸಿದಳು. ಸಿಟ್ಟಾಗಲಿಲ್ಲ, ಗಾಬರಿಯಾಗಲಿಲ್ಲ. ಕಂಪ್ಯೂಟರಿನಲ್ಲಿ ಇನ್ನೇನು ಓಡುತ್ತಿದೆಯೆಂದು ಹುಡುಕಿದಳು. ಮೋಕ್ಷಿತನ ಯಾವುದೋ ಗುಂಡಿನ ಆಟ ಹಿಂದಿನಿಂದ ತನ್ನಷ್ಟಕ್ಕೆ ತಾನು ಹೊಸ ಭಾಗ ಇಳಿಸಿಕೊಳ್ಳುತ್ತಿತ್ತು. ಅದನ್ನು ತೆಗೆದಳು. ಇಂಟರ್ನೆಟ್ ವಯರು ಕಿತ್ತಳು. ವೈರಸ್ ಕಾಯುವ ಪ್ರೋಗ್ರಾಮನ್ನು ಮಲಗಿಸಿದಳು. ಸುಮಿತಾಳಿಗೆ, "ಅತ್ತೆ, ಇದು ಮುಗಿವವರೆಗೆ ಮಿಕ್ಸಿ ಹಾಕ್ಬೇಡಿ, ವೋಲ್ಟೇಜ್ ಬಿದ್ದದೆ" ಎಂದಳು. ಅರ್ಧ ರುಬ್ಬಿದ ಕಾಯಿ ಹಾಗೇ ಉಳಿಯಿತು.

ಗುಂಡ ಟೇಪನ್ನು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಸುತ್ತಿದ. ಎರಡನೇ ಸಲ, ದೇವರ ದಯೆಯ ಸಲ. ಟೇಪು ಓಡಿತು. ಕೊನೆಯ ಅಂಕಿ ಸೊನ್ನೆಯಲ್ಲೇ ನಿಂತಿತು. ಪೊನ್ನಪ್ಪ ಈಗ ಚಿತ್ರ ನೋಡಿದ. ತೆಳ್ಳಗಿನ, ಮೀಸೆಯ, ಕೂದಲು ಹಾರುವ ಒಬ್ಬ ಹುಡುಗ ಬಲಗಡೆಯಿಂದ ಓಡುತ್ತಿದ್ದ.

"ಇವರು ಯಾರು, ನೋಡಿಕೆ ಚೆಂದ" ಎಂದಳು ಸುಮಿತಾ.

"ಸುಮ್ಮನಿರು."

ಗೋಲಿನ ಗಳಿಗೆ ಬಂದಿತು. ಹುಡುಗ ಹೊಡೆದ. ಗೋಲಿನಲ್ಲಿ ಬಿಳಿ ಧೂಳೆದ್ದಿತು, ಒಬ್ಬ ಉರುಳಿದ, ಚೆಂಡು ಹೊರಗೆ ಹಾರಿತು. ಅಷ್ಟೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು.

"ಒಳಗೆ!" ಎಂದ ಪೊನ್ನಪ್ಪ, ಕುರ್ಚಿಯಿಂದ ಎದ್ದು.

"ಹೊರಗೆ" ಎಂದ ಗುಂಡ, ಕುಳಿತೇ.

ಸಿಂಚನಾ ಟೇಪನ್ನು ಓಡಲು ಬಿಟ್ಟಳು. ಚಿತ್ರದಲ್ಲಿ ಬಹುಮಾನ ಹಂಚುವ ಹೊತ್ತಿಗೆ ವಿಸಿಆರ್ ಕರ್ರೆಂದು ಸದ್ದು ಮಾಡಿ ಟೇಪನ್ನು ಕಚ್ಚಿತು. ಗುಂಡ ಬಾಗಿಲು ತೆಗೆದು ನೋಡಿ, ಸುಕ್ಕಾದ ಟೇಪನ್ನು ಕತ್ತರಿಯಿಂದ ಕತ್ತರಿಸಿ ಹೊರತೆಗೆದ. "ಕ್ಯಾಸೆಟ್ಟಿನ ಕಥೆ ಮುಗೀತು. ಇನ್ನು ಇರೋದು ನಿಮ್ಮ ಕಂಪ್ಯೂಟರಲ್ಲಿ ಇಳಿದಷ್ಟೇ."

ಸಿಂಚನಾ ಇಳಿದದ್ದನ್ನು ತೆರೆದಳು. ಗೋಲಿನ ಹತ್ತಿರ ತಂದಳು. ಕೀಬೋರ್ಡಿನ ಬಾಣದ ಗುರುತಿನ ಮೇಲೆ ಪೊನ್ನಪ್ಪನ ಬೆರಳಿಟ್ಟಳು. "ನೀವೇ ಒತ್ತಿ. ಒಂದು ಒತ್ತಿದರೆ ಒಂದು ಚಿತ್ರ ಮುಂದೆ. ಈಚೆದು ಒತ್ತಿದರೆ ಹಿಂದೆ."

ಪೊನ್ನಪ್ಪ ಒತ್ತಿದ. ಹುಡುಗ ಸ್ಟಿಕ್ ಎತ್ತಿದ. ಒತ್ತಿದ. ಸ್ಟಿಕ್ ಇಳಿಯಿತು. ಚಿತ್ರ ನಡುಗಲಿಲ್ಲ, ಬಿಳಿ ಪಟ್ಟಿ ಬರಲಿಲ್ಲ. ಕೇಳಿದಲ್ಲಿ ನಿಂತಿತು, ಕೇಳಿದಷ್ಟು ಹೊತ್ತು ನಿಂತಿತು. ಇಪ್ಪತ್ತಾರು ವರ್ಷ ಯಾರ ಮಾತಿಗೂ ನಿಲ್ಲದೆ ಓಡುತ್ತಿದ್ದ ಆ ಗಳಿಗೆ ಅವನ ಒಂದು ಬೆರಳಿಗೆ ಎತ್ತಿನ ಹಾಗೆ ತಲೆಬಾಗಿ ನಿಂತಿತ್ತು.

ಆದರೆ ಗೆರೆಯ ಹತ್ತಿರ ಬಂದಾಗ ಚೆಂಡು ಚೆಂಡಾಗಿರಲಿಲ್ಲ. ಬಾಚಣಿಗೆಯ ಹಲ್ಲಿನ ಹಾಗೆ ಅಡ್ಡ ಗೀರುಗಳಾಗಿ ಚೆದುರಿತ್ತು. ಅರ್ಧ ಗೀರು ಗೆರೆಯ ಮೇಲೆ, ಅರ್ಧ ಗೆರೆಯ ಈಚೆ.

"ನೋಡಿದ್ಯಾ! ಇದೂ ಗೊತ್ತಿಲ್ಲೆ ಹೇಳ್ತುಟ್ಟು" ಎಂದ. ದನಿಯಲ್ಲಿ ಗೆದ್ದ ಸಂತೋಷಕ್ಕಿಂತ ನಿರಾಸೆ ಹೆಚ್ಚಿತ್ತು.

"ತಡೀರಿ ಮಾವ. ಹಳೇ ವಿಡಿಯೊಲಿ ಒಂದು ಚಿತ್ರ ಹೇಳಿದರೆ ಎರಡು ಅರ್ಧ ಚಿತ್ರನ ಹೆಣ್ದದ್ದು. ಒಂದು ಸಾಲು ಬಿಟ್ಟು ಒಂದು ಸಾಲು, ಚಾಪೆ ಹೆಣ್ದ ಹಂಗೆ. ಬಿಡ್ಸುವ." ಅವಳು ಒಂದು ಪಟ್ಟಿ ತೆರೆದು ಏನನ್ನೋ ಆರಿಸಿದಳು. ಗೀರುಗಳು ಮಾಯವಾದವು. ಈಗ ಅದೇ ಗಳಿಗೆ ಎರಡಾಗಿತ್ತು. ಮೊದಲಿನದರಲ್ಲಿ ಚೆಂಡು ಗೆರೆಯ ಈಚೆ, ಬೆಳ್ಳಗೆ, ದುಂಡಗೆ.

"ಇನ್ನೊಂದು ನೀವೇ ಒತ್ತಿ" ಎಂದಳು.

ಪೊನ್ನಪ್ಪ ತಕ್ಷಣ ಒತ್ತಲಿಲ್ಲ. ಒತ್ತಿದ.

ಚೆಂಡು ಸುಣ್ಣದ ಗೆರೆಯ ನಟ್ಟನಡುವೆ ಇತ್ತು. ಸುಣ್ಣದ ಪುಡಿ ಅದರ ಸುತ್ತ ಎದ್ದಿತ್ತು. ಚೆಂಡಿಗೆ ಕುಶಾಲಪ್ಪನ ಸ್ಟಿಕ್ ಅಂಟಿಕೊಂಡಿತ್ತು. ಮುಂದಿನದರಲ್ಲಿ ಚೆಂಡು ಹೊರಗೆ ಹೊರಟಿತ್ತು. ಪೊನ್ನಪ್ಪ ಒತ್ತುತ್ತ ಹಿಂದೆ ಹೋದ, ಮುಂದೆ ಬಂದ, ಮತ್ತೆ ಹಿಂದೆ ಹೋದ. ಗೆರೆಯ ಆಚೆ ಚೆಂಡು ಯಾವ ಚಿತ್ರದಲ್ಲೂ ಇರಲಿಲ್ಲ. ಪೊನ್ನಪ್ಪ ಅಂದು ಕಂಡಿದ್ದು ಆಚೆ ಹಾರಿದ ಸುಣ್ಣವನ್ನು.

"ಇಲ್ಲೆ" ಎಂದ ಪೊನ್ನಪ್ಪ ಕೊನೆಗೆ. "ಗೋಲು ಅಲ್ಲ."

ಸುಮಿತಾ ಮಿಕ್ಸಿ ಹಾಕಬಹುದೇ ಎಂದು ಕೇಳಲೂ ಇಲ್ಲ. ಸಿಂಚನಾ ಗೆದ್ದವಳ ಮುಖ ಮಾಡಲಿಲ್ಲ. ವಯರು ಬಿಚ್ಚಲು ಕೈ ಹಾಕಿದಳು.

"ಬಿಚ್ಚಬೇಡ. ಇನ್ನೂ ನೋಡೊಕು" ಎಂದ ಪೊನ್ನಪ್ಪ. ಈ ಸಲ ಅವನು ಗೆರೆಯನ್ನು ನೋಡುತ್ತಿರಲಿಲ್ಲ. ಮನುಷ್ಯನನ್ನು ನೋಡುತ್ತಿದ್ದ. ಕುಶಾಲಪ್ಪ ಬಿದ್ದಿದ್ದ ಎಂದಷ್ಟೇ ಅವನಿಗೆ ನೆನಪು. ಬಿದ್ದದ್ದಲ್ಲ, ಹಾರಿದ್ದು. ಎರಡೂ ಕಾಲು ನೆಲ ಬಿಟ್ಟಿದ್ದವು. ಬಲಗೈ ಹಿಂದೆ ಮಡಚಿ, ಎಡಗೈಯೊಂದರಲ್ಲೇ ಸ್ಟಿಕ್ಕಿನ ತುದಿ ಹಿಡಿದು, ಸ್ಟಿಕ್ಕನ್ನು ನೆಲಕ್ಕೆ ಮಟ್ಟಸವಾಗಿ ಒರಗಿಸಿದ್ದ. ಸ್ಟಿಕ್ಕು ಒಂದು ಬೆರಳಿನಷ್ಟು ಗಿಡ್ಡವಾಗಿದ್ದರೆ ಚೆಂಡು ಒಳಗೆ. ಪೊನ್ನಪ್ಪ ಹಿಂದೆ ಹಿಂದೆ ಒತ್ತಿಕೊಂಡು ಹೋದ, ಇವನು ಹೊರಟದ್ದು ಯಾವಾಗ ಎಂದು ಹುಡುಕುತ್ತಾ. ತನ್ನ ಸ್ಟಿಕ್ ಚೆಂಡಿಗೆ ತಾಗುವ ಚಿತ್ರ ಬಂತು. ಕುಶಾಲಪ್ಪ ಆಗಲೇ ಗಾಳಿಯಲ್ಲಿದ್ದ. ಇನ್ನೂ ಹಿಂದೆ. ತಾನು ಸ್ಟಿಕ್ ಎತ್ತಿ ಎಡ ಹೆಗಲನ್ನು ಸ್ವಲ್ಪ ಇಳಿಸಿದ ಚಿತ್ರ. ಅಲ್ಲಿ ಕುಶಾಲಪ್ಪನ ಮಂಡಿ ಬಾಗಿತ್ತು.

"ಏ ಗುಂಡ, ಇಲ್ಲಿ ನೋಡು. ನಾನು ಹೊಡೆಯೋ ಮೊದಲೇ ಇವ ಹೊರಟಿದಾನೆ. ಎಂಥಾ ಆಟಗಾರ ಮಾರಾಯ! ನಮ್ಮ ಕಡೆ ಇಂಥ ಸ್ಟಾಪ್ ಮಾಡಿದವರು ಯಾರಾದ್ರೂ ಇದ್ರಾ?"

"ಇಪ್ಪತ್ತಾರು ವರ್ಷ ಕಳ್ಳ ಅಂದ್ರಲ್ಲ."

"ಕಣ್ಣಿಗೆ ಕಾಣ್ತಿರ್ಲಿಲ್ಲ. ಈಗ ಕಾಣ್ತಿದೆ."

ಅದನ್ನು ಅವನು ಮತ್ತೆ ಮತ್ತೆ ಓಡಿಸಿದ. ಊಟಕ್ಕೆ ಕರೆದರೂ ಏಳಲಿಲ್ಲ. ಒಂದು ಸಲ ನಿಧಾನವಾಗಿ, ಒಂದು ಸಲ ಹಾಗೇ, ಒಂದು ಸಲ ಕುಶಾಲಪ್ಪನ ಎಡಗೈ ಮಾತ್ರ. ತನ್ನ ವಿರುದ್ಧ ಆದ ಕೆಲಸವೆಂಬುದು ಅವನಿಗೆ ಮರೆತೇ ಹೋಗಿತ್ತು. ಆಮೇಲೆ ಸಿಂಚನಾಳ ಕಡೆ ತಿರುಗಿದ. "ಇದ್ನ ನಿನ್ನ ಫೋನಿಗೆ ಹಾಕ್. ಹೋಕೆ ಉಟ್ಟು."

"ಎಲ್ಲಿಗೆ ಮಾವ?"

"ನಿನ್ನ ಮನೆಗೆ, ಗೂಡೆ. ಬೇರೆಲ್ಲಿಗೆ?"

ಜೀಪಿನಲ್ಲಿ ಮಡಿಕೇರಿ ಹತ್ತಿ ಇಳಿದು ಚೆಟ್ಟಳ್ಳಿ ಕಡೆಗೆ ಹೋಗುವಷ್ಟರಲ್ಲಿ ಮೂರು ಗಂಟೆಯಾಯಿತು. ಮೇಲುಕೊಲ್ಲಿ ಮನೆಯ ಜಗಲಿಯಲ್ಲಿ ಕುಶಾಲಪ್ಪ ಮಂಡಿಗೆ ಪಟ್ಟಿ ಕಟ್ಟಿಕೊಂಡು, ಕಾಲು ಚಾಚಿ ಕುಳಿತಿದ್ದ. ಜೀಪಿನಿಂದ ಇಳಿದವನನ್ನು ನೋಡಿ ಏಳಲು ಹೋದ, ಆಗಲಿಲ್ಲ. ಯಮುನ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ಪೊನ್ನಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ.

"ಬಾವ, ಅದು ಗೋಲಲ್ಲ" ಎಂದ.

"ಹೌದಾ?" ಎಂದ ಕುಶಾಲಪ್ಪ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಯಾರ್ ಹೇಳ್ದು?"

ಸಿಂಚನಾ ಫೋನ್ ಕೊಟ್ಟಳು. ಕುಶಾಲಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದ. ಪೊನ್ನಪ್ಪ ಪಕ್ಕದಲ್ಲಿ ಕುಳಿತು ಬೆರಳಿನಿಂದ ತೋರಿಸುತ್ತಿದ್ದ: ಇದು ಗೆರೆ, ಇದು ಸುಣ್ಣ, ಇದು ನಿನ್ನ ಎಡಗೈ. ಕುಶಾಲಪ್ಪ ಎರಡು ಸಲ ನೋಡಿ ಫೋನ್ ಕೆಳಗಿಟ್ಟ.

"ನಂಗೆ ಇವತ್ತೇ ಗೊತ್ತಾದ್" ಎಂದ. "ಅವತ್ತು ನಾ ಬಾಲ್ ನೋಡಿತ್ಲೆ ಬಾವ. ನಿನ್ನ ಹೆಗಲ್ ಬಿತ್ತು, ಆ ಕಡೆ ಹಾರಿದೆ. ಕಣ್ಣಿಗೆ ಸುಣ್ಣ ಬಾತ್. ಸ್ಟಿಕ್ಕಿಗೆ ತಾಗಿತ್ ಹೇಳಿ ಮಾತ್ರ ಗೊತ್ತು. ಗೆರೆ ದಾಟಿತ್ತೋ ಇಲ್ಲೆಯೋ ನಂಗೆ ಗೊತ್ತಿತ್ಲೆ."

"ಮತ್ತೆ ಆಣೆ..."

"ಗೊತ್ತಿಲ್ಲದ್ದಕ್ಕೆ ಇಗ್ಗುತ್ತಪ್ಪನ ಮೇಲೆ ಆಣೆ ಹೆಂಗೆ ಹಾಕ್ದು?"

"ಅದನ್ನಾರೂ ಹೇಳಿಕೆ ಆಗಿತ್ಲೆಯಾ?"

"ನೀ ಗೊತ್ತುಟ್ಟಾ ಹೇಳಿ ಕೇಳಿತ್ಲೆ. ಆಣೆ ಹಾಕ್ ಹೇಳಿ ಕೇಳ್ದೆ. ಎಲ್ಲರೆದುರು."

ಯಮುನ ಕಾಫಿ ತಂದಳು. ಲೋಟ ಕೈಗೆ ಕೊಡುವಾಗ, "ಅಣ್ಣಂಗೆ ಈ ಮನೇಲಿ ಬಚ್ಚಲು ಎಲ್ಲಿ ಉಟ್ಟು ಹೇಳಿ ಸುದ್ದ ಗೊತ್ತಿಲ್ಲೆ" ಎಂದು ನಗಲು ಹೋದಳು. ಹಳೆಯ ಮನೆ ತೆಗೆದು ಇದನ್ನು ಕಟ್ಟಿ ಹನ್ನೆರಡು ವರ್ಷವಾಗಿತ್ತು. ಗೋಡೆಯಲ್ಲಿ ಕುಶಾಲಪ್ಪನ ಅಪ್ಪ, ಅವ್ವ ಇಬ್ಬರೂ ಹಾರ ಹಾಕಿದ ಫೋಟೊ ಆಗಿದ್ದರು. ಪೊನ್ನಪ್ಪ ಅವರನ್ನು ಕೊನೆಯ ಸಲ ನೋಡಿದ್ದು ಯಮುನಳ ಮದುವೆಯಲ್ಲಿ.

ಮದುವೆಯ ದಿನ ಎಷ್ಟು ಗಂಟೆಗೆ ಬರಬೇಕೆಂದು ಕೇಳಿದ. ಹಿಂದಿನ ದಿನವೇ ಬಾ ಎಂದ ಕುಶಾಲಪ್ಪ.

ಆ ಮನೆಯಲ್ಲಿ ಪೊನ್ನಪ್ಪ ಇಲ್ಲದೆ ಆಗಿ ಮುಗಿದದ್ದು ಎರಡು ಸಾವು, ಒಂದು ಗೃಹಪ್ರವೇಶ, ಎರಡು ನಾಮಕರಣ, ಒಂದು ಮಂಡಿ ಆಪರೇಶನ್ ಮತ್ತು ಇಪ್ಪತ್ತಾರು ಕೈಲ್‌ಮುಹೂರ್ತ ಹಬ್ಬದ ಊಟ.